ಮಲಿಕ್ ಸಂದಲ್: ಕಲ್ಲಿನಲ್ಲಿ ಉಳಿದ ಒಂದು ಹೆಸರು



ನಮ್ಮ ದೇವಾಲಯವು ನೂರು ಸಂವತ್ಸರಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಇತಿಹಾಸ ಸಂಬಂಧವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ನಾನು ಮೊದಲಿಗೆ ಗುರುನಿವಾಸದ ಕಪಾಟಿನಲ್ಲಿದ್ದ ಹಳೆಯ ಲೆಕ್ಕದ ಪುಸ್ತಕಗಳನ್ನು ಹೊರತೆಗೆದು ಓದತೊಡಗಿದೆನು. ಕಟ್ಟಡಕ್ಕೆ ದಾನ ನೀಡಿದವರ ಹೆಸರುಗಳು ಅವುಗಳಲ್ಲಿ ಅಂದವಾದ ಅಕ್ಷರಗಳಲ್ಲಿ ದಾಖಲಾಗಿವೆ. ಸುಣ್ಣ ಎಷ್ಟು ಗಾಡಿ ಬಂದಿತು, ಮರಳು ಎಷ್ಟು ಗಾಡಿ ಬಂದಿತು, ಬಾಗಿಲಿನ ಸಾಗವಾನಿ ಮರಕ್ಕೆ ಎಷ್ಟು ಹಣ ಸಂದಿತು ಎಂಬುದೆಲ್ಲ ಪೈಸೆ ಬಿಡದೆ ಬರೆದಿದೆ. ಆದರೆ ಗೋಡೆಗಳನ್ನು ಎಬ್ಬಿಸಿದವರ ವಿಷಯದಲ್ಲಿ ಮಾತ್ರ "ಗೌಂಡಿಗಳಿಗೆ ವಾರದ ಪಗಾರ", "ಕಲ್ಲು ಒಡೆದವರಿಗೆ", "ನೀರು ಹೊತ್ತ ಹೆಣ್ಣಾಳುಗಳಿಗೆ" ಎಂಬ ಬರಹಗಳ ಹೊರತು ಬೇರೇನೂ ಇಲ್ಲ. ಒಬ್ಬನ ಹೆಸರೂ ಇಲ್ಲ. ಪ್ರತಿ ಭಾನುವಾರ ನಾವು ಮೊಣಕಾಲೂರುವ ನೆಲವನ್ನು ಸಮಮಾಡಿದವರು ಯಾರೆಂಬುದನ್ನು ನಮ್ಮ ಪುಸ್ತಕಗಳು ಹೇಳುವುದಿಲ್ಲ.

ಈ ಸಂಗತಿ ನನ್ನ ಮನಸ್ಸನ್ನು ಬಹುವಾಗಿ ಕಲಕಿತು. ನಾವಿರುವುದು ಕಟ್ಟಡಗಳ ನಾಡಿನಲ್ಲಿ. ನಮ್ಮ ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಗೋಳಗುಮ್ಮಟ ಕಾಣಿಸುತ್ತದೆ. ತಿಕೋಟಾ, ಬಬಲೇಶ್ವರಗಳ ಕಡೆಯಿಂದ ಬಲಿಪೂಜೆಗೆ ಬರುವ ಕುಟುಂಬಗಳಿಗೆ ನಗರದ ಮೊದಲ ಗುರುತಾಗಿ ಕಾಣುವವು ಗುಮ್ಮಟಗಳೇ. ಇವನ್ನು ಕಟ್ಟಿದವರಾರು ಎಂದು ಕೇಳಿದರೆ ಎಲ್ಲರೂ ಅರಸರ ಹೆಸರುಗಳನ್ನು ಹೇಳುತ್ತಾರೆ. ಹಾಗೆ ಹೇಳುವುದು ತಪ್ಪಲ್ಲ. ಹಣವನ್ನು ಕೊಟ್ಟವರು, ಅಪ್ಪಣೆ ಮಾಡಿದವರು ಅರಸರೇ. ಆದರೆ ಅಳತೆ ಹಾಕಿದವರು, ಕಲ್ಲಿನ ಮೇಲೆ ಕಲ್ಲು ನಿಲ್ಲುವಂತೆ ಯೋಚಿಸಿದವರು ಬೇರೆಯವರು. ಅಂಥವರಲ್ಲಿ ಒಬ್ಬನ ಹೆಸರು ನಮ್ಮ ಜಿಲ್ಲೆಯಲ್ಲಿ ಆತನ ಕೆಲಸದ ಮೇಲೆಯೇ ಕೆತ್ತಲ್ಪಟ್ಟು ಉಳಿದಿದೆ. ಆತನೇ ಮಲಿಕ್ ಸಂದಲ್. ಈ ಶತಮಾನೋತ್ಸವದ ಸಂದರ್ಭದಲ್ಲಿ ಆತನ ವಿಷಯವಾಗಿ ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ಹೆಸರಿನಲ್ಲಿ ಅಡಗಿರುವ ಕಥೆ

ಆದಿಲಶಾಹಿ ಮನೆತನವು 15ನೆಯ ಶತಮಾನದ ಕೊನೆಯ ಭಾಗದಿಂದ 1686ರವರೆಗೆ, ಅಂದರೆ ಸುಮಾರು ಎರಡು ನೂರು ವರ್ಷಗಳ ಕಾಲ ಈ ಪ್ರಾಂತವನ್ನು ಆಳಿತು. ಆ ಅರಸರಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನು 1580ರಿಂದ 1627ರವರೆಗೆ ಸಿಂಹಾಸನದಲ್ಲಿದ್ದನು. ಸಂಗೀತ ಸಾಹಿತ್ಯಗಳಲ್ಲಿ ಆತನಿಗಿದ್ದ ಆಸಕ್ತಿಯೂ, ಸರಸ್ವತಿಯನ್ನು ಸ್ಮರಿಸಿ ಆತನು ರಚಿಸಿದ 'ಕಿತಾಬ್-ಇ-ನವರಸ್' ಎಂಬ ಗ್ರಂಥವೂ, ಪ್ರಜೆಗಳು ಆತನನ್ನು 'ಜಗದ್ಗುರು' ಎಂದು ಕರೆದುದೂ ನಾಡಿಗೆ ತಿಳಿದ ವಿಷಯಗಳು. ನಗರದ ಪಶ್ಚಿಮಕ್ಕೆ, ತೊರವಿಯ ಬಳಿ, 1599ರಲ್ಲಿ ನವರಸಪುರವೆಂಬ ಹೊಸ ಪಟ್ಟಣಕ್ಕೆ ಆತನು ಅಸ್ತಿಭಾರ ಹಾಕಿಸಿದನು. 1624ರಲ್ಲಿ ಅಹಮದನಗರದ ಮಲಿಕ್ ಅಂಬರನ ಸೇನೆ ಅದನ್ನು ಹಾಳುಗೆಡವಿತು. ಅದರ ಮುರಿದ ಗೋಡೆಗಳನ್ನು ತಿಕೋಟಾ ಕಡೆಯ ನಮ್ಮ ಜನರು ಇಂದಿಗೂ ಕಾಣಬಹುದು.

ಮಲಿಕ್ ಸಂದಲನು ಈ ಅರಸನ ಆಳ್ವಿಕೆಯಲ್ಲಿ ಕೆಲಸ ಮಾಡಿದವನು. 'ಮಲಿಕ್' ಎಂಬುದು ಹುಟ್ಟಿನಿಂದ ಬಂದ ಹೆಸರಲ್ಲ, ಆಸ್ಥಾನದಲ್ಲಿ ದೊರೆತ ಬಿರುದು. 'ಸಂದಲ್' ಎಂದರೆ ಶ್ರೀಗಂಧ. ಆ ಕಾಲದ ದಖನ್ನಿನಲ್ಲಿ ಇಂಥ ಹೆಸರುಗಳಿಗೆ ಒಂದು ವಿಶೇಷಾರ್ಥವಿತ್ತು. ಆಫ್ರಿಕಾದ ಅಬಿಸೀನಿಯ, ಅಂದರೆ ಇಂದಿನ ಇಥಿಯೋಪಿಯ ಮತ್ತು ಅದರ ಸುತ್ತಣ ನಾಡುಗಳಿಂದ ಎಳೆಯ ವಯಸ್ಸಿನಲ್ಲಿ ಸೆರೆಹಿಡಿಯಲ್ಪಟ್ಟು, ಕೈಯಿಂದ ಕೈಗೆ ಮಾರಲ್ಪಟ್ಟು, ಹಡಗುಗಳಲ್ಲಿ ಕೊಂಕಣದ ಬಂದರುಗಳಿಗೆ ಬಂದ ಗುಲಾಮರಿಗೆ ಒಡೆಯರು ಸುಗಂಧ ದ್ರವ್ಯಗಳ, ರತ್ನಗಳ ಹೆಸರುಗಳನ್ನು ಇಡುತ್ತಿದ್ದರು. ಅಂಬರ್, ಸಂದಲ್, ಯಾಕೂತ್ ಇವೆಲ್ಲ ಅಂಥವು. ತಂದೆತಾಯಿ ಇಟ್ಟ ಹೆಸರು ಹಿಂದೆ ಉಳಿಯಿತು. ಸಂತೆಯಲ್ಲಿ ದೊರೆತ ಹೆಸರೇ ಜೀವನದ ಹೆಸರಾಯಿತು. ಇಂಥ ಹಬಶಿ ಜನರಲ್ಲಿ ಅನೇಕರು ತಮ್ಮ ಶಕ್ತಿಸಾಮರ್ಥ್ಯಗಳಿಂದ ಸೇನಾಪತಿಗಳೂ ಮಂತ್ರಿಗಳೂ ಆದರು. ನವರಸಪುರವನ್ನು ಸುಟ್ಟ ಮಲಿಕ್ ಅಂಬರನೇ ಅದಕ್ಕೆ ದೊಡ್ಡ ನಿದರ್ಶನ. ಮಲಿಕ್ ಸಂದಲನೂ ಇದೇ ಹಬಶಿ ಮೂಲದ ಕಂಚುಕಿಯೆಂದು, ಅಂದರೆ ರಾಣಿವಾಸದ ಸೇವೆಗೆಂದು ಸಂತಾನಶಕ್ತಿಯನ್ನು ಕಳೆದುಕೊಂಡವನೆಂದು ಇತಿಹಾಸಜ್ಞರು ಎಣಿಸುತ್ತಾರೆ.

ಇದನ್ನು ಓದುವಾಗ ಪ್ರೇಷಿತರ ಕಾರ್ಯಕಲಾಪಗಳ 8ನೆಯ ಅಧ್ಯಾಯವು ನಿಮಗೆ ನೆನಪಾಗದೆ ಇರದು. ಅಲ್ಲಿಯೂ ಇಥಿಯೋಪಿಯದ ಒಬ್ಬ ಕಂಚುಕಿ ಇದ್ದಾನೆ. ಅವನೂ ಒಬ್ಬ ರಾಣಿಯ ಅಧಿಕಾರಿಯೇ. ರಥದಲ್ಲಿ ಕುಳಿತು ಪ್ರವಾದಿ ಯೆಶಾಯನ ಗ್ರಂಥವನ್ನು ಓದುತ್ತ ಹೋಗುತ್ತಿರುತ್ತಾನೆ. ಫಿಲಿಪ್ಪನು ಅವನಿಗೆ ದಾರಿಯ ಬದಿಯ ನೀರಿನಲ್ಲಿಯೇ ಜ್ಞಾನಸ್ನಾನ ಕೊಡುತ್ತಾನೆ. ಆ ಮನುಷ್ಯನ ಹೆಸರನ್ನೂ ಗ್ರಂಥವು ತಿಳಿಸುವುದಿಲ್ಲ.

ಇಬ್ರಾಹಿಂ ರೋಜಾ

ಮಲಿಕ್ ಸಂದಲನ ಹೆಸರು ಕೆತ್ತಲ್ಪಟ್ಟಿರುವುದು ನಗರದ ಪಶ್ಚಿಮಕ್ಕೆ, ಕೋಟೆಯ ಮೆಕ್ಕಾ ದರವಾಜೆಯ ಹೊರಗೆ ನಿಂತಿರುವ ಇಬ್ರಾಹಿಂ ರೋಜಾದಲ್ಲಿ. ಬಾಗಿಲ ಬಳಿಯ ಪಾರಸಿ ಶಾಸನವು, ಈ ರೋಜಾದ ಕೆಲಸವು ಮಲಿಕ್ ಸಂದಲನ ಶ್ರಮದಿಂದ ಪೂರ್ಣವಾಯಿತೆಂದೂ, ತಾಜ್ ಸುಲ್ತಾನೆಯ ಅಪ್ಪಣೆಯಂತೆ ಇದು ನಿರ್ಮಾಣವಾಯಿತೆಂದೂ, ಇದಕ್ಕೆ ಒಂದೂವರೆ ಲಕ್ಷದ ಮೇಲೆ 900 ಹೊನ್ನು ವೆಚ್ಚವಾಯಿತೆಂದೂ ತಿಳಿಸುತ್ತದೆ. ಇನ್ನೊಂದು ಶಾಸನದಲ್ಲಿ ಅಕ್ಷರಗಳ ಬೆಲೆಯನ್ನು ಕೂಡಿಸಿದರೆ ಹಿಜರಿ 1036 ಎಂಬ ವರ್ಷ ದೊರೆಯುತ್ತದೆ. ಅದು ನಮ್ಮ ಎಣಿಕೆಯ 1626-27.

ಆತನು ನಕ್ಷೆ ಹಾಕಿದವನೋ ಅಥವಾ ಮೇಲ್ವಿಚಾರಣೆ ನಡೆಸಿದವನೋ ಎಂದು ಕೆಲವರು ಚರ್ಚಿಸುವುದುಂಟು. ಆ ಕಾಲದಲ್ಲಿ ಈ ಎರಡು ಕೆಲಸಗಳು ಇಂದಿನಂತೆ ಬೇರೆಬೇರೆಯಾಗಿರಲಿಲ್ಲ. ಅಳತೆ, ಆಳುಗಳು, ಹಣ, ಕಲ್ಲು ಇವೆಲ್ಲವೂ ಒಬ್ಬನ ತಲೆಯಲ್ಲಿಯೇ ಕೂಡಿಬರಬೇಕಾಗಿದ್ದಿತು. ಕಟ್ಟಡವು ನಿಂತ ಮೇಲೆ ಅದಕ್ಕೆ ಉತ್ತರ ಕೊಡಬೇಕಾದವನೂ ಅವನೇ. ಅರಸನ ಮನೆತನದವರ ಗೋರಿಯ ಮೇಲೆ ಒಬ್ಬ ಸೇವಕನ ಹೆಸರನ್ನು ಕೆತ್ತಲು ಅನುಮತಿ ದೊರೆತದ್ದು ಸಾಮಾನ್ಯ ಸಂಗತಿಯಲ್ಲ.

ಈ ರೋಜಾವನ್ನು ಮೊದಲಿಗೆ ರಾಣಿ ತಾಜ್ ಸುಲ್ತಾನೆಗಾಗಿ ಕಟ್ಟಿಸಿದರು. 1627ರಲ್ಲಿ ಇಬ್ರಾಹಿಮನು ತೀರಿಕೊಂಡಾಗ ಆತನನ್ನೂ ಅಲ್ಲಿಯೇ ಸಮಾಧಿ ಮಾಡಲಾಯಿತು. ಆತನ ತಾಯಿಯೂ ಮಕ್ಕಳೂ ಅಲ್ಲಿ ಮಲಗಿದ್ದಾರೆ. ಎತ್ತರವಾದ ಒಂದೇ ಜಗತಿಯ ಮೇಲೆ ಪೂರ್ವಕ್ಕೆ ಸಮಾಧಿ, ಪಶ್ಚಿಮಕ್ಕೆ ಮಸೀದಿ, ನಡುವೆ ನೀರಿನ ಕೊಳ. ಗೋಳಗುಮ್ಮಟವು ತನ್ನ ಗಾತ್ರದಿಂದ ನೋಡುವವನನ್ನು ಬೆರಗುಗೊಳಿಸಿದರೆ, ಇಬ್ರಾಹಿಂ ರೋಜಾ ತನ್ನ ನಯದಿಂದ ಅವನನ್ನು ಹತ್ತಿರಕ್ಕೆ ಕರೆಯುತ್ತದೆ. ನಮ್ಮ ನೆಲದ ಕರಿಯ ಕಲ್ಲು ಬಹಳ ಗಟ್ಟಿಯಾದದ್ದು. ಉಳಿಗೆ ಸುಲಭವಾಗಿ ಬಗ್ಗುವ ಕಲ್ಲಲ್ಲ. ಅಂಥ ಕಲ್ಲಿನಲ್ಲಿ ಅರಬ್ಬೀ ಅಕ್ಷರಗಳನ್ನೇ ಜಾಲಂಧ್ರಗಳಾಗಿ ಕೊರೆದು, ಅಕ್ಷರಗಳ ನಡುವಣ ಕಿಂಡಿಗಳಿಂದ ಬೆಳಕು ಒಳಗೆ ಬರುವಂತೆ ಮಾಡಿದ್ದಾರೆ. ಮಸೀದಿಯ ಚಾವಣಿಯ ಅಂಚಿನಿಂದ ತೂಗಾಡುವ ಕಲ್ಲಿನ ಸರಪಳಿಗಳನ್ನು, ಕೊಂಡಿಗೆ ಕೊಂಡಿ ಬೆಸೆಯದೆ, ಒಂದೇ ಕಲ್ಲಿನಿಂದ ಕಡೆದು ತೆಗೆದಿದ್ದಾರೆ.

ಆದರೆ ನಿಜವಾದ ವಿದ್ಯೆ ಇರುವುದು ಸಮಾಧಿಯ ಕೋಣೆಯ ಒಳಚಾವಣಿಯಲ್ಲಿ. ಈ ಕೋಣೆ ಸುಮಾರು 40 ಅಡಿ ಚೌಕವಾಗಿದೆ. ನಡುವೆ ಒಂದು ಕಂಬವೂ ಇಲ್ಲ. ನಾಲ್ಕೂ ಗೋಡೆಗಳಿಂದ ಕಲ್ಲುಗಳು ಬಾಗಿ ಒಳಕ್ಕೆ ಚಾಚುತ್ತವೆ. ನಡುವಿನ ಭಾಗ ಮಾತ್ರ ಅಂಗೈಯಂತೆ ಚಪ್ಪಟೆಯಾಗಿದೆ. ಕಲ್ಲಿನ ಅಂಚಿಗೆ ಕಲ್ಲಿನ ಅಂಚನ್ನು ಜೋಡಿಸಿ, ಕೆಳಗಿನಿಂದ ನೋಡುವವನಿಗೆ ಯಾವ ಆಧಾರವೂ ಕಾಣದಂತೆ ಕಟ್ಟಿದ್ದಾರೆ. ಅದರ ಮೇಲೆ ಇನ್ನೊಂದು ಬರಿದಾದ ಕೋಣೆ, ಅದರ ಮೇಲೆ ಗುಮ್ಮಟ. ಹೀಗಾಗಿ ಗುಮ್ಮಟದ ಭಾರವು ಈ ಚಪ್ಪಟೆ ಚಾವಣಿಯ ಮೇಲೆ ಬೀಳುವುದಿಲ್ಲ. ಚಾವಣಿಯನ್ನು ಹಿಡಿದಿರುವುದು ಕಲ್ಲಿನ ನಡುವಣ ಗಾರೆ. ಈ ಗಾರೆಯ ಗಟ್ಟಿತನವನ್ನು ಕಂಡು 19ನೆಯ ಶತಮಾನದ ವಾಸ್ತುಶಿಲ್ಪ ಚರಿತ್ರಕಾರ ಜೇಮ್ಸ್ ಫರ್ಗುಸನ್, ಆ ಬಳಿಕ ವಿಜಯಪುರದ ಕಟ್ಟಡಗಳನ್ನು ಅಳೆದು 1916ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಹೆನ್ರಿ ಕಸಿನ್ಸ್, ಇಬ್ಬರೂ ಅಚ್ಚರಿಪಟ್ಟಿದ್ದಾರೆ. ಸುಣ್ಣವನ್ನು ಕೊಳೆಯಿಸಿ ಅರೆದವರ ತಾಳ್ಮೆಯೇ ನಾಲ್ಕು ನೂರು ವರ್ಷಗಳಿಂದ ಆ ಕಲ್ಲುಗಳನ್ನು ಮೇಲೆ ನಿಲ್ಲಿಸಿದೆ ಎಂದರೆ ಅತಿಶಯೋಕ್ತಿಯಾಗದು.

ಅದೇ ವರ್ಷ ರೋಮಾಪುರಿಯಲ್ಲಿ

ಕಥೋಲಿಕರಾದ ನಮಗೆ ಈ 1626 ಎಂಬ ವರ್ಷವು ಇನ್ನೊಂದು ಕಾರಣದಿಂದ ಪರಿಚಿತವಾದದ್ದು. ಹಿಜರಿ 1036ನೆಯ ವರ್ಷವು ಆರಂಭವಾದದ್ದು 1626ರ ಸೆಪ್ಟೆಂಬರಿನಲ್ಲಿ. ಅದಾದ ಎರಡು ತಿಂಗಳೊಳಗೆ, ಅದೇ ವರ್ಷ ನವೆಂಬರ್ 18ರಂದು, ಪರಮಗುರು ಎಂಟನೆಯ ಅರ್ಬನರು ರೋಮಾಪುರಿಯ ಸಂತ ಪೇತ್ರರ ಮಹಾದೇವಾಲಯವನ್ನು ಅಭಿಷೇಕಿಸಿದರು. 1506ರಲ್ಲಿ ಅಡಿಗಲ್ಲನ್ನಿಟ್ಟ ಆ ದೇವಾಲಯವು ಮುಗಿಯಲು 120 ವರ್ಷಗಳು ಹಿಡಿದಿದ್ದವು. ಪ್ರತಿ ವರ್ಷ ನವೆಂಬರ್ 18ರಂದು ನಾವು ಆಚರಿಸುವ ಸಂತ ಪೇತ್ರ, ಸಂತ ಪಾವುಲರ ಮಹಾದೇವಾಲಯಗಳ ಪ್ರತಿಷ್ಠೆಯ ಸ್ಮರಣೆಯು ಇದಕ್ಕೇ ಸಂಬಂಧಿಸಿದ್ದು. ಸಾವಿರಾರು ಮೈಲಿಗಳ ಅಂತರದಲ್ಲಿ, ಪರಸ್ಪರ ಪರಿಚಯವಿಲ್ಲದ ಎರಡು ಗುಂಪಿನ ಕಲ್ಲುಕುಟಿಗರು ಸರಿಸುಮಾರು ಒಂದೇ ಕಾಲಕ್ಕೆ ತಮ್ಮ ಉಳಿಗಳನ್ನು ಕೆಳಗಿಟ್ಟರು.

ಆ ಮಹಾದೇವಾಲಯದ ಮುಖಭಾಗದ ಮೇಲೆ ದೊಡ್ಡ ಅಕ್ಷರಗಳಲ್ಲಿ ಕೆತ್ತಿರುವುದು ಪರಮಗುರು ಐದನೆಯ ಪಾವುಲರ ಹೆಸರನ್ನು, 1612ನೆಯ ವರ್ಷವನ್ನು. ಗುಮ್ಮಟವನ್ನು ಯೋಚಿಸಿದ ಮೈಕೆಲೆಂಜೆಲೊನ ಹೆಸರು ಅಲ್ಲಿಲ್ಲ. ಎಪ್ಪತ್ತು ದಾಟಿದ ಮೇಲೆ ಆ ಕೆಲಸದ ಹೊಣೆ ಹೊತ್ತ ಆ ಮಹಾಶಿಲ್ಪಿಯು ದೇವರ ಮಹಿಮೆಗಾಗಿ ಮಾಡುವ ಕೆಲಸವಿದೆಂದು ಸಂಬಳವನ್ನು ಸ್ವೀಕರಿಸಲಿಲ್ಲವೆಂದು ಆತನ ಚರಿತ್ರಕಾರರು ಹೇಳುತ್ತಾರೆ. 1564ರಲ್ಲಿ ಆತನು ತೀರಿಕೊಂಡಾಗ ಗುಮ್ಮಟ ಇನ್ನೂ ಎದ್ದಿರಲಿಲ್ಲ. 1590ರಲ್ಲಿ ಜಾಕೊಮೊ ದೆಲ್ಲಾ ಪೋರ್ತ ಅದನ್ನು ಮುಚ್ಚಿ ಮುಗಿಸಿದನು. ರೋಮಿನಲ್ಲಿ ಶಿಲ್ಪಿಯ ಹೆಸರು ಪುಸ್ತಕಗಳಲ್ಲಿ ಉಳಿಯಿತು, ಗೋಡೆಯ ಮೇಲೆ ಉಳಿಯಲಿಲ್ಲ. ವಿಜಯಪುರದಲ್ಲಿ ಶಿಲ್ಪಿಯ ಹೆಸರು ಗೋಡೆಯ ಮೇಲೆ ಉಳಿಯಿತು, ಪುಸ್ತಕಗಳಲ್ಲಿ ಅಷ್ಟಾಗಿ ಉಳಿಯಲಿಲ್ಲ.

ತಾಜ್ ಬಾವಡಿ

ಮಲಿಕ್ ಸಂದಲನ ಹೆಸರಿನೊಂದಿಗೆ ಜನರು ಹೇಳುವ ಎರಡನೆಯ ಕೆಲಸ ಮೆಕ್ಕಾ ದರವಾಜೆಯ ಒಳಗಿರುವ ತಾಜ್ ಬಾವಡಿ. ಇದನ್ನು 1620ರ ಸುಮಾರಿಗೆ ಕಟ್ಟಲಾಯಿತೆಂದು ಹೇಳುವುದು ವಾಡಿಕೆ. ಎಂಟು ಮೂಲೆಯ ಎರಡು ಗೋಪುರಗಳ ನಡುವೆ ಸುಮಾರು 35 ಅಡಿಯ ದೊಡ್ಡ ಕಮಾನು. ಅದರ ಕೆಳಗಿನಿಂದ ಮೆಟ್ಟಿಲುಗಳನ್ನಿಳಿದರೆ ಸುಮಾರು 220 ಅಡಿ ಚೌಕದ, 50 ಅಡಿಗೂ ಹೆಚ್ಚು ಆಳದ ಬಾವಿ. ಸುತ್ತಲೂ ದಾರಿಗರು ತಂಗುವುದಕ್ಕೆ ಕೋಣೆಗಳಿದ್ದವು. ಮಳೆ ಕೈಕೊಡುವುದು ಹೊಸದಲ್ಲದ ನಮ್ಮ ಸೀಮೆಯಲ್ಲಿ ಅಂಥ ಒಂದು ಬಾವಿಯ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ.

ಈ ಬಾವಿಯ ಹುಟ್ಟಿನ ಬಗ್ಗೆ ಒಂದು ಕಥೆಯುಂಟು. ಸುಲ್ತಾನ ಮಹಮ್ಮದನು ರಂಭೆಯೆಂಬ ಚೆಲುವೆಯನ್ನು ಕರೆತರಲು ಮಲಿಕ್ ಸಂದಲನನ್ನು ಕಳುಹಿಸಿದನಂತೆ. ದಾರಿಯಲ್ಲಿ ತನ್ನ ಮೇಲೆ ಅಪವಾದ ಬಂದೀತೆಂದು ಮೊದಲೇ ಊಹಿಸಿದ ಸಂದಲನು ಹೊರಡುವ ಮುನ್ನ ಮುದ್ರೆಯೊತ್ತಿದ ಒಂದು ಪೆಟ್ಟಿಗೆಯನ್ನು ಅರಸನ ವಶಕ್ಕೆ ಕೊಟ್ಟು ಹೋದನು. ಊಹಿಸಿದಂತೆಯೇ ಚಾಡಿಕೋರರು ಅರಸನ ಕಿವಿಯೂದಿದರು. ಮರಣದಂಡನೆಯ ಮಾತು ಬಂದಾಗ ಪೆಟ್ಟಿಗೆಯನ್ನು ತೆರೆಯುವಂತೆ ಸಂದಲನು ಬೇಡಿಕೊಂಡನು. ಆತನು ತನ್ನ ಸಂತಾನಯೋಗವನ್ನು ತಾನೇ ಕಳೆದುಕೊಂಡು ಹೊರಟಿದ್ದನೆಂಬುದಕ್ಕೆ ಅದರೊಳಗೆ ಸಾಕ್ಷಿಯಿತ್ತು. ಅರಸನು ನಾಚಿ, ಬೇಕಾದುದನ್ನು ಕೇಳೆಂದನು. ಸಂದಲನು ಹೊನ್ನನ್ನು ಕೇಳಲಿಲ್ಲ, ಊರನ್ನು ಕೇಳಲಿಲ್ಲ. ತನ್ನ ಹೆಸರನ್ನು ಹೇಳಲು ಮಕ್ಕಳಿಲ್ಲವಾದ್ದರಿಂದ, ಹೆಸರುಳಿಯುವಂತೆ ಏನನ್ನಾದರೂ ಕಟ್ಟಲು ಅನುಮತಿ ಕೇಳಿದನು. ಹಾಗೆ ಈ ಬಾವಿಯಾಯಿತು.

ಇತಿಹಾಸದ ದೃಷ್ಟಿಯಿಂದ ನೋಡಿದರೆ ಈ ಕಥೆಯನ್ನು ಹಾಗೆಯೇ ಒಪ್ಪುವಂತಿಲ್ಲ. ಮಹಮ್ಮದ ಆದಿಲಶಾಹನು ಪಟ್ಟಕ್ಕೆ ಬಂದುದೇ 1627ರಲ್ಲಿ. ಬಾವಿಗೆ ಹೇಳುವ ವರ್ಷ ಅದಕ್ಕಿಂತ ಹಿಂದಿನದು. ಆದರೂ ಜನರು ಒಂದು ಕಥೆಯನ್ನು ಇಷ್ಟು ಕಾಲ ಕಾಪಾಡಿಕೊಂಡು ಬರುವುದು ಅದರಲ್ಲಿ ಒಂದು ಸತ್ಯವನ್ನು ಕಂಡುದರಿಂದಲೇ. ಮಕ್ಕಳಿಲ್ಲದವನು, ಹುಟ್ಟೂರಿನಿಂದ ಕೀಳಲ್ಪಟ್ಟವನು, ಹೆತ್ತವರಿಟ್ಟ ಹೆಸರನ್ನೂ ಕಳೆದುಕೊಂಡವನು, ತನ್ನ ಹೆಸರನ್ನು ಉಳಿಸಿಕೊಳ್ಳಲು ಬಯಸಿದನು. ಅದಕ್ಕೆ ಆತನು ಕಂಡ ದಾರಿ ಬಾಯಾರಿದವರಿಗೆ ನೀರು ಕೊಡುವ ದಾರಿ. ಇದರಲ್ಲಿ ಒಂದು ವಿಷಾದವೂ ಇದೆ. ಹೆಸರಿಗಾಗಿ ಕಟ್ಟಿದ ಬಾವಿಯು ಇಂದು ಆತನ ಹೆಸರಿನಿಂದ ಕರೆಯಲ್ಪಡದೆ, ರಾಣಿಯ ಹೆಸರಿನಿಂದ ತಾಜ್ ಬಾವಡಿ ಎಂದೇ ಕರೆಯಲ್ಪಡುತ್ತದೆ. ಬಹುಕಾಲ ಕಸಕಡ್ಡಿಗಳಿಂದ ತುಂಬಿ ಹೋಗಿದ್ದ ಆ ಬಾವಿಯ ಹೂಳನ್ನು ಇತ್ತೀಚಿನ ವರ್ಷಗಳಲ್ಲಿ ತೆಗೆಸಿ, ನೀರನ್ನು ಮತ್ತೆ ಕಾಣುವಂತೆ ಮಾಡಿರುವುದು ಸಂತೋಷದ ಸಂಗತಿ.

ಪ್ರವಾದಿ ಯೆಶಾಯನ ಗ್ರಂಥದ 56ನೆಯ ಅಧ್ಯಾಯವನ್ನು ಈ ಸಂದರ್ಭದಲ್ಲಿ ಒಮ್ಮೆ ತೆರೆದು ನೋಡಬೇಕೆಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಮಕ್ಕಳಿಲ್ಲದ ಕಂಚುಕಿಯು ತಾನು ಒಣಗಿದ ಮರವೆಂದು ಮರುಗಬಾರದೆಂದೂ, ಪರದೇಶಿಯು ತಾನು ಹೊರಗಿನವನೆಂದು ತಿಳಿಯಬಾರದೆಂದೂ ದೇವರು ಅಲ್ಲಿ ಹೇಳುತ್ತಾರೆ. ನಂಬಿಗಸ್ತರಾದ ಅಂಥವರಿಗೆ ತಮ್ಮ ಆಲಯದಲ್ಲಿ, ತಮ್ಮ ಗೋಡೆಗಳ ಒಳಗಡೆಯೇ, ಮಕ್ಕಳಿಂದ ದೊರೆಯುವುದಕ್ಕಿಂತ ಮಿಗಿಲಾದ ಹೆಸರನ್ನು ಕೊಡುವುದಾಗಿ ವಾಗ್ದಾನ ಮಾಡುತ್ತಾರೆ. ಗುರುಮಠದಲ್ಲಿ ವಿದ್ಯಾರ್ಥಿಯಾಗಿದ್ದಾಗ ಈ ಅಧ್ಯಾಯವನ್ನು ನಾನು ಪರೀಕ್ಷೆಗಾಗಿ ಓದಿದ್ದೆನು. ಅದರ ಅರ್ಥ ಮನಸ್ಸಿಗೆ ಇಳಿದದ್ದು ಇಬ್ರಾಹಿಂ ರೋಜಾದ ಬಾಗಿಲ ಬಳಿ ನಿಂತಾಗಲೇ.

ಗೋಳಗುಮ್ಮಟ ಮತ್ತು ಯಾಕೂತ್

ಇನ್ನು ಗೋಳಗುಮ್ಮಟದ ಮಾತು. ಇದನ್ನು ಮಹಮ್ಮದ ಆದಿಲಶಾಹನು ತನ್ನ ಸಮಾಧಿಗಾಗಿ ಕಟ್ಟಿಸಿದನು. 1656ರಲ್ಲಿ ಆತನ ಸಮಾಧಿ ಅಲ್ಲಿಯೇ ಆಯಿತು. ಇದರ ಶಿಲ್ಪಿ ಯಾಕೂತ್ ದಾಬೂಲಿ ಎಂಬುದು ಪರಂಪರೆಯಿಂದ ಬಂದ ಮಾತು. ದಾಬೂಲಿ ಎಂದರೆ ಕೊಂಕಣದ ದಾಭೋಳ ಬಂದರಿನವನೆಂದರ್ಥ. ಯಾಕೂತ್ ಎಂದರೆ ಮಾಣಿಕ್ಯ. ವಿಜಯಪುರದ ಜಾಮಿಯಾ ಮಸೀದಿಯ ಬಂಗಾರದ ಬಣ್ಣದ ಮಿಹ್ರಾಬನ್ನು 1636ರ ಸುಮಾರಿಗೆ ಅಲಂಕರಿಸಿದವನೂ ಆತನೇ. ಅಲ್ಲಿ ಆತನ ಹೆಸರಿದೆ. ಗೋಳಗುಮ್ಮಟದ ಮೇಲೆ ಮಾತ್ರ ಯಾವ ಶಿಲ್ಪಿಯ ಹೆಸರೂ ಇಲ್ಲ.

ಗೋಳಗುಮ್ಮಟದ ಗುಮ್ಮಟವು ಜಗತ್ತಿನಲ್ಲಿಯೇ ಎರಡನೆಯದೆಂದು ನಾವು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಅಭಿಮಾನದೊಂದಿಗೆ ಸತ್ಯವೂ ಇರಬೇಕಾದುದರಿಂದ ಅಳತೆಗಳನ್ನು ಇಲ್ಲಿ ಕೊಡುತ್ತೇನೆ. ಒಳಗಿನ ಅಡ್ಡಳತೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಗೋಳಗುಮ್ಮಟವು ಸುಮಾರು 124 ಅಡಿ. ಸಂತ ಪೇತ್ರರ ಮಹಾದೇವಾಲಯವು ಸುಮಾರು 136 ಅಡಿ. ಇಂದು ಮಾತೆ ಮರಿಯಮ್ಮನವರಿಗೂ ರಕ್ತಸಾಕ್ಷಿಗಳಿಗೂ ಸಮರ್ಪಿತವಾಗಿರುವ ರೋಮಿನ ಪುರಾತನ ಪ್ಯಾಂಥಿಯನ್ ಸುಮಾರು 142 ಅಡಿ. ಆದ್ದರಿಂದ ಗುಮ್ಮಟದ ಅಗಲದಲ್ಲಿ ರೋಮಿನವು ದೊಡ್ಡವು. ಆದರೆ ಒಂದೇ ಗುಮ್ಮಟದ ಕೆಳಗೆ, ಕಂಬವಿಲ್ಲದೆ ಆವರಿಸಿದ ನೆಲದ ವಿಸ್ತಾರದಲ್ಲಿ ಗೋಳಗುಮ್ಮಟವು 18,000 ಚದರ ಅಡಿಗಳನ್ನು ಮೀರಿ ಪ್ಯಾಂಥಿಯನ್ನನ್ನು ಹಿಂದಿಕ್ಕುತ್ತದೆ. ಪ್ಯಾಂಥಿಯನ್ನಿನ ನೆಲ 16,000 ಚದರ ಅಡಿಗಿಂತ ಕಡಿಮೆ.

ಇದು ಹೇಗೆ ಸಾಧ್ಯವಾಯಿತೆಂದರೆ, 135 ಅಡಿ ಚೌಕದ ಕೋಣೆಯ ಗೋಡೆಗಳಿಂದ ಎಂಟು ಕಮಾನುಗಳು ಎದ್ದು, ಒಂದನ್ನೊಂದು ಹಾಯ್ದು, ಎರಡು ಚೌಕಗಳು ಅಡ್ಡಡ್ಡವಾಗಿ ಕೂಡಿದಂಥ ಒಂದು ನಕ್ಷತ್ರವನ್ನು ರಚಿಸುತ್ತವೆ. ಕಮಾನುಗಳ ನಡುವಣ ಗೋಡೆಯು ಮೇಲೇರಿದಂತೆ ಒಳಕ್ಕೆ ಬಾಗುತ್ತ ಬಂದು, ನೆಲದಿಂದ ಸುಮಾರು 109 ಅಡಿ ಎತ್ತರದಲ್ಲಿ ದುಂಡಾದ ಅಂಚಾಗುತ್ತದೆ. ಗುಮ್ಮಟದ ಭಾರವು ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಒಳಕ್ಕೆ ಬಾಗಿದ ಈ ಭಾರವು ಅವುಗಳನ್ನು ಒಳಕ್ಕೆ ಎಳೆಯುತ್ತದೆ. ಎರಡು ಬಲಗಳೂ ಒಂದಕ್ಕೊಂದು ಸರಿದೂಗಿ ಗುಮ್ಮಟ ನಿಲ್ಲುತ್ತದೆ. ಆ ಅಂಚಿನ ಮೇಲೆಯೇ ನಮ್ಮ ಮಕ್ಕಳು ನಿಂತು ಪಿಸುಗುಟ್ಟಿ ಪ್ರತಿಧ್ವನಿಯನ್ನು ಕೇಳುವುದು. ಮುಂದಿನ ಸಲ ಹೋದಾಗ ಕೂಗುವ ಮೊದಲು ಒಂದು ಗಳಿಗೆ ಸುಮ್ಮನೆ ನಿಂತು, ತಾವು ನಿಂತಿರುವುದು ಯಾರ ಲೆಕ್ಕಾಚಾರದ ಮೇಲೆ ಎಂಬುದನ್ನು ಅವರು ಯೋಚಿಸಲಿ.

ಆ ಗುಮ್ಮಟವು ಏಳುತ್ತಿದ್ದ ಕಾಲವು ನಮ್ಮ ಧರ್ಮಸಭೆಯ ಚರಿತ್ರೆಗೂ ಸಂಬಂಧವಿಲ್ಲದ್ದಲ್ಲ. ಗೋವೆಯ ದಿವಾಡಿ ದ್ವೀಪದಲ್ಲಿ ಹುಟ್ಟಿದ ಮಾತೆವುಸ್ ದೆ ಕಾಸ್ತ್ರೊ ಎಂಬ ಗುರುಗಳು 1637ರಲ್ಲಿ ರೋಮಿನಲ್ಲಿ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾಗಿ, ಆದಿಲಶಾಹಿ ರಾಜ್ಯಕ್ಕೆ ಪರಮಗುರುಗಳ ಪ್ರತಿನಿಧಿಯಾಗಿ ನೇಮಕಗೊಂಡರು. ಭಾರತೀಯರಲ್ಲಿ ಲತೀನ್ ಸಂಪ್ರದಾಯದ ಮೊದಲ ಧರ್ಮಾಧ್ಯಕ್ಷರು ಅವರೇ. ಗೋಳಗುಮ್ಮಟವನ್ನು ಕಟ್ಟಿಸಿದ ಮಹಮ್ಮದ ಆದಿಲಶಾಹನ ರಾಜ್ಯದಲ್ಲಿ, ಗೋವೆಯ ಗಡಿಯ ಡಿಚೋಲಿಯಂಥ ಸ್ಥಳಗಳಲ್ಲಿ, ದೇವಾಲಯಗಳನ್ನು ಕಟ್ಟಲು ಅವರಿಗೆ ಅನುಮತಿ ದೊರೆಯಿತು. ಅನ್ಯಧರ್ಮದ ಅರಸನೊಬ್ಬನು ನಮ್ಮ ಪೂರ್ವಿಕರಿಗೆ ಬಲಿಪೀಠಕ್ಕೆ ಸ್ಥಳ ಕೊಟ್ಟನೆಂಬುದನ್ನು ಕೃತಜ್ಞತೆಯಿಂದ ನೆನೆಯುವುದು ನಮ್ಮ ಕರ್ತವ್ಯ.

ನಮ್ಮ ಗೋಡೆಗಳು

ಪವಿತ್ರ ಗ್ರಂಥವು ಈ ವಿಷಯದಲ್ಲಿ ನಮಗೆ ಒಂದು ಪಾಠವನ್ನು ಕಲಿಸುತ್ತದೆ. ವಿಮೋಚನಾಕಾಂಡದಲ್ಲಿ ದೇವದರ್ಶನದ ಗುಡಾರವನ್ನು ನಿರ್ಮಿಸಿದ ಬೆಚಲೇಲನನ್ನೂ ಆತನ ಜೊತೆಗಾರ ಒಹೊಲೀಯಾಬನನ್ನೂ ತಂದೆಯ ಹೆಸರು, ಕುಲದ ಹೆಸರುಗಳೊಂದಿಗೆ ಹೇಳಲಾಗಿದೆ. ಅವರ ಕೈಚಳಕವು ದೇವರ ಆತ್ಮದ ವರವೆಂದು ಹೊಗಳಲಾಗಿದೆ. ಆದರೆ ಅವರನ್ನು ಈಜಿಪ್ಟಿನಲ್ಲಿ ಇಟ್ಟಿಗೆ ಮಾಡಲು ದುಡಿಸಿಕೊಂಡ ಫರೋಹನ ಸ್ವಂತ ಹೆಸರನ್ನು ಅದೇ ಗ್ರಂಥವು ಹೇಳುವುದಿಲ್ಲ. ನಮ್ಮ ಪ್ರಭು ಯೇಸುವಿನ ಸಾಕುತಂದೆಯಾದ ಸಂತ ಜೋಸೆಫರನ್ನು ನಾವು ಬಡಗಿಯೆನ್ನುತ್ತೇವೆ. ಮೂಲದ ಗ್ರೀಕ್ ಪದವು ಮರದ ಕೆಲಸದವನಿಗೂ ಕಟ್ಟಡದ ಕೆಲಸದವನಿಗೂ ಸಲ್ಲುತ್ತದೆ. ದೇವಪುತ್ರನು ಬೆಳೆದದ್ದು ಕೂಲಿಯ ಮನೆಯಲ್ಲಿ. 1955ರಲ್ಲಿ ಪರಮಗುರು ಹನ್ನೆರಡನೆಯ ಪಿಯೂಸರು ಮೇ 1ನೆಯ ದಿನವನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿ ಸ್ಥಾಪಿಸಿದ್ದು ಇದೇ ಸತ್ಯವನ್ನು ಎತ್ತಿಹಿಡಿಯುವುದಕ್ಕಾಗಿ.

ಶತಮಾನೋತ್ಸವದ ನೆನಪಿಗಾಗಿ ದೇವಾಲಯದ ಮುಂಬಾಗಿಲ ಬಳಿ ಅಮೃತಶಿಲೆಯ ಫಲಕವೊಂದನ್ನು ಇಡಬೇಕೆಂದು ನಮ್ಮ ಸಮಿತಿಯವರು ನಿಶ್ಚಯಿಸಿದ್ದಾರೆ. ದಾನಿಗಳ ಹೆಸರುಗಳ ಪಟ್ಟಿ ಸಿದ್ಧವಾಗಿದೆ. ದಾನಿಗಳ ಔದಾರ್ಯವನ್ನು ನಾನು ಕಡಿಮೆಯೆಂದು ಎಣಿಸುವವನಲ್ಲ. ಅವರ ಹೆಸರುಗಳು ಅಲ್ಲಿರಬೇಕಾದುದೇ ಸರಿ. ಆದರೆ ಫಲಕದ ಮೊದಲ ಸಾಲುಗಳನ್ನು ಖಾಲಿ ಬಿಡಬೇಕೆಂದು ನಾನು ಸಮಿತಿಯವರನ್ನು ಬೇಡಿಕೊಂಡಿದ್ದೇನೆ. ಮೊದಲಿಗೆ ಕೆಲವರು ಇದನ್ನು ಒಪ್ಪಲಿಲ್ಲ. ನೂರು ವರ್ಷಗಳ ಹಿಂದಿನ ಕೂಲಿಗಳ ಹೆಸರುಗಳನ್ನು ಎಲ್ಲಿಂದ ತರುವುದು, ಅವರಲ್ಲಿ ಬಹುಮಂದಿ ನಮ್ಮ ಧರ್ಮದವರೂ ಅಲ್ಲವಲ್ಲ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ನಾನು ಕೊಟ್ಟ ಉತ್ತರವಿಷ್ಟೆ: ಮುಸಲ್ಮಾನ ರಾಣಿಯೊಬ್ಬಳ ಗೋರಿಯ ಮೇಲೆ ಪರದೇಶದ ಗುಲಾಮನೊಬ್ಬನ ಹೆಸರಿಗೆ ಸ್ಥಳ ದೊರೆಯಿತು, ಕ್ರಿಸ್ತನ ಆಲಯದ ಬಾಗಿಲಲ್ಲಿ ನಮ್ಮ ಗೌಂಡಿಗಳ ಹೆಸರಿಗೆ ಸ್ಥಳವಿಲ್ಲವೆಂದರೆ ಹೇಗೆ?

ಆ ಬಳಿಕ ಕೆಲವು ಹಿರಿಯರು ತಮಗೆ ನೆನಪಿದ್ದುದನ್ನು ಹೇಳತೊಡಗಿದ್ದಾರೆ. ಒಬ್ಬ ಅಜ್ಜಿಯವರು ತಮ್ಮ ಅತ್ತೆ ಈ ಗೋಡೆಗಳಿಗೆ ನೀರು ಹೊತ್ತವರೆಂದು ತಿಳಿಸಿ, ಅವರ ಹೆಸರನ್ನು ನನ್ನ ಕೈಯಲ್ಲಿ ಬರೆಸಿದರು. ಇನ್ನೊಂದು ಕುಟುಂಬದವರು ತಾತನ ಕಾಲದ ಉಳಿಯೊಂದನ್ನು ತಂದು ತೋರಿಸಿದರು. ನಿಮ್ಮ ಮನೆಯಲ್ಲಿಯೂ ಇಂಥ ನೆನಪಿದ್ದರೆ ದಯವಿಟ್ಟು ಗುರುನಿವಾಸಕ್ಕೆ ಬಂದು ತಿಳಿಸಿರಿ. ನೆರೆಹೊರೆಯ ಹಿಂದೂ, ಮುಸಲ್ಮಾನ ಬಂಧುಗಳನ್ನೂ ಕೇಳಿರಿ. ಇದಕ್ಕಾಗಿ ಒಂದು ಹೊಸ ಪುಸ್ತಕವನ್ನು ತೆರೆದು, ಜ್ಞಾನಸ್ನಾನದ ದಾಖಲೆ ಪುಸ್ತಕದ ಪಕ್ಕದಲ್ಲಿಯೇ ಇಟ್ಟಿದ್ದೇನೆ. ಬರುವ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಅದರಲ್ಲಿರುವ ಹೆಸರುಗಳನ್ನು ಬಲಿಪೀಠದ ಮುಂದೆ ಓದಿ, ಅವರ ಆತ್ಮಗಳಿಗಾಗಿ ಬಲಿಪೂಜೆಯನ್ನು ಅರ್ಪಿಸುತ್ತೇನೆ. ದೊರೆಯದ ಹೆಸರುಗಳಿಗಾಗಿ ಒಂದು ಗಳಿಗೆ ಎಲ್ಲರೂ ಮೌನವಾಗಿರೋಣ. ಅವು ದೇವರಿಗೆ ತಿಳಿದಿವೆ.

ಮುಂದಿನ ನೂರು ವರ್ಷಗಳ ಬಳಿಕ ಈ ದೇವಾಲಯದ ಕಪಾಟನ್ನು ತೆರೆಯುವ ಗುರುಗಳಿಗೆ, ನನಗೆ ಸಿಕ್ಕಂಥ ಹೆಸರಿಲ್ಲದ ಲೆಕ್ಕ ಮಾತ್ರ ಸಿಗದಿರಲಿ ಎಂದು ಹಾರೈಸುತ್ತೇನೆ. ಭೂಪರಲೋಕಗಳನ್ನು ನಿರ್ಮಿಸಿದ ಸರ್ವೇಶ್ವರನು ನಮ್ಮ ಈ ಆಲಯವನ್ನೂ, ಇದನ್ನು ಕಟ್ಟಿದ ಕೈಗಳನ್ನೂ, ಇದರಲ್ಲಿ ಪ್ರಾರ್ಥಿಸುವ ನಮ್ಮೆಲ್ಲರನ್ನೂ ಹರಸಲಿ.